ಪಂಕ್ತಿಯ ನಡುವೆ ಎದ್ದವನು

ನನ್ನ ಕೈಯ ಮುಟಗಿಯನ್ನು ಬೇಡ ಅಂದವರು ನಮ್ಮ ಮನೆತನದಲ್ಲಿ ಯಾರೂ ಇರಲಿಲ್ಲ. ಹೆಂಚಿನಿಂದ ಇಳಿಸಿದ ಬಿಸಿ ಜೋಳದ ರೊಟ್ಟಿಗೆ ಬೆಳ್ಳುಳ್ಳಿ, ಉಪ್ಪು, ಕೆಂಪು ಖಾರ ಸೇರಿಸಿ ಒಳಕಲ್ಲಿನಲ್ಲಿ ಕುಟ್ಟಿ, ಎಣ್ಣೆ ಬಿಟ್ಟು, ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ ಕೊಟ್ಟರೆ ಜಗಳಕ್ಕೆ ಬಂದವರೂ ಕೂತು ತಿಂದೇ ಹೋಗುತ್ತಿದ್ದರು. ನಮ್ಮಲ್ಲಿ ಮಕ್ಕಳ ಮೇಲಿನ ಪ್ರೀತಿಯನ್ನು ಮಾತಿನಲ್ಲಿ ಹೇಳುವ ರೂಢಿ ಕಡಿಮೆ. ಕುಟ್ಟಿ, ಕಲಸಿ, ತುತ್ತು ಮಾಡಿ ಬಾಯಿಗೆ ತುರುಕಿದರೆ ಅದೇ ಪ್ರೀತಿ.

ಹೀಗಿರುವಾಗ ತಮ್ಮನ ಮಗಳು, ಆರು ವರ್ಷದವಳು, ನಾನು ಕುಟ್ಟಿ ತಂದ ಮುಟಗಿಯನ್ನು ನೋಡಿದ್ದೇ ಎರಡೂ ಕಿವಿ ಮುಚ್ಚಿಕೊಂಡು ಮನೆ ಹಾರಿಹೋಗುವಂತೆ ಕಿರುಚಿದಾಗ ನನಗೆ ಬಂದದ್ದು ಸಿಟ್ಟು.

"ಇದಕ್ಕ ಸೊಕ್ಕ ಭಾಳ ಆಗೈತಿ," ಅಂದೆ. "ನಿಮ್ಮವ್ವ ನಿನ್ನ ತಲಿಮ್ಯಾಲ ಕುಂದ್ರಿಸ್ಕೊಂಡಾಳ."

ಅವಳ ಅವ್ವ, ಅಂದರೆ ನನ್ನ ತಮ್ಮನ ಹೆಂಡತಿ, ಒಲೆಯ ಕಡೆ ತಿರುಗಿ ನಿಂತಳು. ಆ ಬೆನ್ನು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿಸಿ ನಿವೃತ್ತಳಾದವಳು ನಾನು. ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದೆ ಎಂಬ ಠೇಂಕಾರ ಇತ್ತು. ಅಣ್ಣಿಗೇರಿಯಲ್ಲಿ ತಮ್ಮನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಓಣಿ. ದಿನಾ ಬೆಳಿಗ್ಗೆ ಹೋಗಿ, ಯಾರೂ ಕೇಳದ ಬುದ್ಧಿ ಹೇಳಿ, ಚಹಾ ಕುಡಿದು ಬರುವುದೇ ನನ್ನ ನಿವೃತ್ತಿಯ ನೌಕರಿ.

ಹುಬ್ಬಳ್ಳಿಯ ಡಾಕ್ಟರು ಹುಡುಗಿಯನ್ನು ನಾಲ್ಕು ಸಲ ನೋಡಿ, ಇದು ಆಟಿಸಂ ಅಂದರು. ತಮ್ಮ ಆ ಶಬ್ದವನ್ನು ಮನೆಯೊಳಗೇ ಬಿಟ್ಟುಕೊಳ್ಳಲಿಲ್ಲ. "ನಮ್ಮ ಮನಿತನದಾಗ ಹಂತಾದ್ದ ಯಾರಿಗೂ ಇಲ್ಲ. ನಾನೂ ಮಾತ ಕಲ್ತಿದ್ದು ತಡಾನ," ಅಂದ. ಓಣಿಯ ಹೆಣ್ಣುಮಕ್ಕಳು ಬಸುರಿದ್ದಾಗ ಗ್ರಹಣ ನೋಡಿರಬೇಕು ಅಂದರು. ಮೊಬೈಲಿನದೇ ತಪ್ಪು ಎಂದವಳು ಯಾರೆಂದರೆ, ನಾನೇ. ಎಲ್ಲರ ಬೆರಳೂ ಸುತ್ತಿ ಬಳಸಿ ಆ ತಾಯಿಯ ಕಡೆಗೇ. ಆಕೆ ತವರಿನ ಒಂದೂ ಕಾರ್ಯಕ್ಕೆ ಹೋಗದೆ ಎರಡು ವರ್ಷವಾಗಿತ್ತು.

ಇಂಥ ಮಕ್ಕಳಿಗೆ ತರಬೇತಿ ಕೊಡುವ ಒಬ್ಬ ಹೆಣ್ಣುಮಗಳ ಕಡೆಗೆ ಡಾಕ್ಟರು ಕಳಿಸಿದರು. ತಮ್ಮ ಬರಲಿಲ್ಲ; ನಾನು ಹೋದೆ. ನನ್ನ ಶಿಷ್ಯೆಯಾಗಿರಬಹುದಾದ ವಯಸ್ಸಿನವಳು. ಮೊದಲು ಆಕೆ ತಾಯಿಯ ಕಡೆ ತಿರುಗಿ, "ಇದು ನಿಮ್ಮಿಂದ ಆಗಿದ್ದಲ್ರಿ," ಅಂದಳು. "ಗ್ರಹಣದಿಂದನೂ ಅಲ್ಲ, ಮೊಬೈಲಿನಿಂದನೂ ಅಲ್ಲ. ಆಕಿ ಹುಟ್ಟಿದ್ದ ಹಂಗ. ನಮಗ ಸಣ್ಣಗ ಕೇಳೂ ಸಪ್ಪಳ ಆಕಿಗೆ ಅಗದಿ ಕಿವ್ಯಾಗ ಬಡದಂಗ ಆಗ್ತೈತಿ. ಆಕಿನ್ನ ಬದಲ ಮಾಡಾಕ ಹೋಗಬ್ಯಾಡ್ರಿ, ಆಕಿ ಸುತ್ತಲಿಂದು ಸ್ವಲ್ಪ ಬದಲ ಮಾಡೂಣು."

ನಾನು ಮೊಬೈಲಿನ ಮಾತು ಬಂದಾಗ ಕಿಟಕಿಯ ಕಡೆ ನೋಡುತ್ತ ಕೂತಿದ್ದೆ. ಆಕೆ ನನ್ನ ಕಡೆ ತಿರುಗಿದಳು.

"ನೀವು ಟೀಚರ್ ಅಲ್ರೀ? ನಿಮಗ ಹೋಂವರ್ಕ್ ಐತ್ರಿ. ಹದಿನೈದು ದಿನ ಕೂಸಿಗೆ ಏನೂ ಕಲಸಬ್ಯಾಡ್ರಿ, ಬರೇ ನೋಡ್ರಿ. ಆಕಿ ಅಳೂಕಿಂತ ಮೊದಲ ಏನಾತು, ಅಷ್ಟ ಬರೀರಿ."

"ಅತ್ತಿದ್ದು ಬರೀಬಾರದೇನ್ರಿ?"

"ಅತ್ತಿದ್ದು ಎಲ್ಲಾರಿಗೂ ಕೇಳಸ್ತೈತಿ ಬಿಡ್ರಿ."

ಕಲಿಸದೆ ಸುಮ್ಮನೆ ನೋಡುವುದು ಎಷ್ಟು ಕಷ್ಟ ಎಂಬುದು ನನಗೆ ಆ ಹದಿನೈದು ದಿನದಲ್ಲಿ ಗೊತ್ತಾಯಿತು. ನಾಲಿಗೆ ತುರಿಸುತ್ತಿತ್ತು. ಆದರೂ ನೋಟ್‌ಬುಕ್ ಹಿಡಿದು ಪಡಸಾಲೆಯಲ್ಲಿ ಕೂತೆ.

ಹುಡುಗಿ ಕಟಕ ರೊಟ್ಟಿ, ಅಂದರೆ ಒಣಗಿಸಿ ಹಪ್ಪಳದಂತೆ ಮಾಡಿದ ರೊಟ್ಟಿ ಮಾತ್ರ ತಿನ್ನುತ್ತಿದ್ದಳು. ಅದು ದುಂಡಗೆ, ಇಡಿಯಾಗಿ ಇರಬೇಕು, ಮುರಿಯುವವಳು ಅವಳೇ. ಶೇಂಗಾ ಚಟ್ನಿಪುಡಿ ಬೇರೆ ಕಡೆ. ಪಲ್ಯದ ರಸ ಒಂದು ಹನಿ ತಾಗಿದರೂ ಆ ರೊಟ್ಟಿ ಅವಳ ಪಾಲಿಗೆ ಸತ್ತ ಹಾಗೆ. ಇಂಥವಳ ಕಣ್ಣೆದುರಿಗೆ ನಾನು ದುಂಡನೆಯ ರೊಟ್ಟಿಯನ್ನು ಒಳಕಲ್ಲಿಗೆ ಹಾಕಿ ಧಡ್ ಧಡ್ ಎಂದು ಕುಟ್ಟಿದ್ದೆ! ಅದನ್ನು ಬರೆಯುವಾಗ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಇನ್ನೊಂದು ಸಂಗತಿ ತಿಳಿಯಲು ಹತ್ತು ದಿನ ಬೇಕಾಯಿತು. ತಮ್ಮನ ಮನೆ ರೈಲ್ವೆ ಸ್ಟೇಷನ್ನಿಗೆ ಹತ್ತಿರ. ಅಲ್ಲಿ ಗಾಡಿ ಬರುವ ಮುನ್ನ ಮೈಕಿನಲ್ಲಿ ಹೇಳುವುದು ಮನೆಯೊಳಗೆಲ್ಲ ಕೇಳುತ್ತದೆ. ಹುಡುಗಿ ಆ ಮಾತನ್ನು ಅದೇ ರಾಗದಲ್ಲಿ ಹೇಳುತ್ತಿದ್ದಳು: "ಪ್ರಯಾಣಿಕರ ಗಮನಕ್ಕೆ." ನಾವೆಲ್ಲ ನಗುತ್ತಿದ್ದೆವು, ಬಂದವರ ಮುಂದೆ ಹೇಳಿಸಲು ನೋಡುತ್ತಿದ್ದೆವು. ನೋಟ್‌ಬುಕ್ ತಿರುವಿ ಹಾಕಿದರೆ, ಅಳುವ ಪ್ರತಿ ಸಲವೂ ಅದಕ್ಕೆ ಎರಡು ನಿಮಿಷ ಮೊದಲು ಅದೇ ಮಾತು ಇದೆ! ಮಿಕ್ಸರ್ ಹಚ್ಚಿದಾಗ, ನೆಂಟರು ಗಲ್ಲ ಹಿಂಡಿದಾಗ, ಅವಳಪ್ಪ ಬಂದವನೇ ಟಿವಿ ಜೋರು ಮಾಡಿದಾಗ. ಪಾಪ, ಕೂಸು ಎಷ್ಟು ದಿನದಿಂದ ಸೂಚನೆ ಕೊಡುತ್ತಿತ್ತೋ, ಪ್ರಯಾಣಿಕರಾದ ನಾವು ಹಲ್ಲು ಕಿಸಿಯುತ್ತ ನಿಂತಿದ್ದೆವು.

ಮರುದಿನದಿಂದ ಆ ಮಾತು ಕೇಳಿದ ಕೂಡಲೇ ತಾಯಿ ಅವಳನ್ನು ಹಿತ್ತಲಿಗೆ ಕರೆದೊಯ್ಯತೊಡಗಿದಳು. ಹತ್ತು ನಿಮಿಷ ಕಲ್ಲಿನ ಮೇಲೆ ಕೂತರೆ ಹುಡುಗಿ ತಾನೇ ಎದ್ದು ಒಳಗೆ ಬರುತ್ತಿದ್ದಳು. ಎಲ್ಲ ಸಲವೂ ಅಲ್ಲ. ಆದರೆ ಅಳು ಅರ್ಧಕ್ಕೆ ಇಳಿಯಿತು.

ತಮ್ಮ ಒಂದು ಸಂಜೆ, "ಏನ ಬರೀತೀಬೇ ಅಕ್ಕಾ, ಪುರಾಣಾನ?" ಎಂದು ನೋಟ್‌ಬುಕ್ ಎಳೆದುಕೊಂಡ. ಓದುತ್ತ ಓದುತ್ತ ಟಿವಿಯ ಸಾಲಿಗೆ ಬಂದು ನಿಂತ. ಮುಚ್ಚಿ ಕೊಟ್ಟ. ಮಾರನೆಯ ದಿನ ಟಿವಿಯ ದನಿ ಇಲಿ ಮಾತಾಡಿದಷ್ಟು ಇತ್ತು.

ಅಷ್ಟರಲ್ಲಿ ಹುಡುಗಿಯ ಅವ್ವನ ತವರು ಕುಂದಗೋಳದಿಂದ ಫೋನು. ತಮ್ಮನ ಹೆಂಡತಿಯ ತಂಗಿ ಬಸುರಿ. ಅವಳ ಕುಬಸ, ಅಂದರೆ ಸೀಮಂತದ ಕಾರ್ಯ. ಎಲ್ಲರೂ ಬರಬೇಕು ಎಂದು ಹೇಳಿ, ಕೊನೆಗೆ ಮೆಲ್ಲಗೆ, "ಕೂಸಿನ್ನ ಟೀಚರ್ ಅಕ್ಕಾರ ಹತ್ರ ಬಿಟ್ಟ ಬಾ," ಅಂದರು.

"ಬಿಟ್ಟ ಹೋಗೂಣು," ಎಂದ ತಮ್ಮ. "ಮಂದ್ಯಾಗ ಒದರಿದ್ರ ಮರ್ಯಾದಿ ಉಳಿತೈತೇನು?"

"ಹೋದ್ರ ಮೂರೂ ಮಂದಿ ಹೋಗೂದ್ರಿ. ಆಕಿನ್ನ ಮುಚ್ಚಿಟ್ಟು ನಾ ಹೊಸಾ ಸೀರಿ ಉಟ್ಕೊಂಡು ಹೋಗೂದಿಲ್ಲ. ಈ ಸಲ ಆಕಿ ಬ್ಯಾಡಂದ್ರ ನಾನೂ ಇನ್ನ ಆ ಮನಿ ಹೊಸ್ತಲಾ ತುಳ್ಯಾಂಗಿಲ್ಲ," ಎಂದಳು ತಮ್ಮನ ಹೆಂಡತಿ. ಮದುವೆಯಾದ ಎಂಟು ವರ್ಷದಲ್ಲಿ ಅವಳು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ತಮ್ಮನಿಗೆ ಮರ್ಯಾದೆ ಎಂಬುದು ನಮ್ಮಪ್ಪನಿಂದ ಬಂದ ಆಸ್ತಿ. ನಮ್ಮ ಮನೆಯಲ್ಲಿ ಊಟದ ಪಂಕ್ತಿ ಕೂತರೆ ಹಿರಿಯರು ಏಳುವವರೆಗೆ ಯಾರೂ ಏಳುವಂತಿಲ್ಲ, ಎಡೆಯಲ್ಲಿ ಒಂದಗುಳೂ ಬಿಡುವಂತಿಲ್ಲ. ನಾವು ಚಿಕ್ಕವರಿದ್ದಾಗ ಒಮ್ಮೆ ಪಂಕ್ತಿಯ ನಡುವೆ ಚೇಳು ಬಂತು. ಎಲ್ಲರೂ ಅರ್ಧ ಎದ್ದರು. ಅಪ್ಪ, "ಕುಂದರ್ರಿ!" ಎಂದು ಗದರಿ, ತನ್ನ ನೀರಿನ ತಂಬಿಗೆಯನ್ನು ಚೇಳಿನ ಮೇಲೆ ಬೋರಲು ಹಾಕಿ, ಸಾರು ಕಲಸತೊಡಗಿದ. ಆ ತಂಬಿಗೆಯ ಬಾಜು ಕೂತವನು ಈ ನನ್ನ ತಮ್ಮ, ಎಂಟು ವರ್ಷದವ. ಅಲುಗಾಡದೆ ಊಟ ಮುಗಿಸಿದ. ಆ ಕಥೆಯನ್ನು ಇವತ್ತಿಗೂ ಅವನು ಹೋದಲ್ಲೆಲ್ಲ ಹೇಳುತ್ತಾನೆ. ಮಾವನ ಮನೆಯಲ್ಲಂತೂ ಅದು ಎಲ್ಲರಿಗೂ ಬಾಯಿಪಾಠ.

ಕೊನೆಗೆ ಮೂವರೂ ಹೊರಟರು, ನಾಲ್ಕನೆಯವಳು ನಾನು. ತಯಾರಿ ಜೋರಾಗಿತ್ತು. ಕುಂದಗೋಳದ ಮನೆಯ ಫೋಟೋ ತರಿಸಿ ಹುಡುಗಿಗೆ ವಾರವೆಲ್ಲ ತೋರಿಸಿದ್ದೆವು: ಇದು ಬಾಗಿಲು, ಇದು ಹಿತ್ತಲು, ಇದು ಬಟ್ಟೆ ಒಗೆಯುವ ಕಲ್ಲು. ಖಾನೆಗಳಿದ್ದ ಅವಳ ಸ್ವಂತ ತಾಟು, ಡಬ್ಬಿ ತುಂಬ ಕಟಕ ರೊಟ್ಟಿ. ಸ್ಟೇಷನ್ನಿನಲ್ಲಿ ಮೈಕು ಹೇಳುವ ಮೊದಲೇ ಇವಳು ಹೇಳಿಬಿಟ್ಟಳು. ಬೆಂಚಿನ ಮೇಲಿದ್ದ ಮುದುಕನೊಬ್ಬ ಚೀಲ ಎತ್ತಿಕೊಂಡು ಎದ್ದೇ ನಿಂತ.

ಮಂದಿ ಸೇರುವ ಮೊದಲೇ ಕುಂದಗೋಳ ಮುಟ್ಟಿದೆವು. ಹುಡುಗಿ ನೇರ ಹಿತ್ತಲಿಗೆ ಹೋಗಿ, ಫೋಟೋದಲ್ಲಿದ್ದ ಕಲ್ಲು ಅಲ್ಲೇ ಇದೆಯೋ ಎಂದು ಮುಟ್ಟಿ ನೋಡಿ ಬಂದಳು.

ಮಧ್ಯಾಹ್ನ ಗಂಡಸರ ಪಂಕ್ತಿ ಮೊದಲು ಕೂತಿತು. ಮೊದಲ ಎಡೆ ತಮ್ಮನ ಹೆಂಡತಿಯ ದೊಡ್ಡಪ್ಪನದು. ಎಂಬತ್ತು ದಾಟಿದ ಹಿರಿಯ. ಅವರ ಬಾಜು ಅಳಿಯನೆಂಬ ಗೌರವಕ್ಕೆ ನನ್ನ ತಮ್ಮ. ಒಳಕೋಣೆಯಲ್ಲಿ ಬಸುರಿಗೆ ಉಡಿ ತುಂಬುತ್ತಿದ್ದರು. ತಮ್ಮನ ಹೆಂಡತಿ ಅಲ್ಲಿದ್ದಳು. ನಾನು ಹುಡುಗಿಯೊಡನೆ ಬಾಗಿಲ ಹತ್ತಿರ ನೆಲದ ಮೇಲೆ. ಅವಳು ತನ್ನ ತಾಟಿನಲ್ಲಿ ರೊಟ್ಟಿ ಮುರಿದು ಸಮಾಧಾನವಾಗಿ ತಿನ್ನುತ್ತಿದ್ದಳು. ಇನ್ನೇನು ಗೆದ್ದೆವು ಎಂದುಕೊಳ್ಳುವಾಗ ಯಾವನೋ ಪುಣ್ಯಾತ್ಮ ಸ್ಪೀಕರಿನಲ್ಲಿ ಹಾಡು ಹಚ್ಚಿದ.

ಹುಡುಗಿಯ ಕೈಯಿಂದ ರೊಟ್ಟಿ ಬಿತ್ತು. "ಪ್ರಯಾಣಿಕರ ಗಮನಕ್ಕೆ," ಎಂದಳು. ದೊಡ್ಡ ದನಿಯಲ್ಲೇನೂ ಅಲ್ಲ.

ನಾನು ಏಳಲು ಹೋದೆ. ಮೊಣಕಾಲು ಏಳಲು ಬಿಡಬೇಕಲ್ಲ! ನೆಲಕ್ಕೆ ಕೈ ಊರಿ ಒದ್ದಾಡುತ್ತಿರುವಾಗ ನೋಡಿದೆ: ಪಂಕ್ತಿಯಲ್ಲಿ ನನ್ನ ತಮ್ಮ ತಲೆ ಎತ್ತಿದ. ಅವನ ಹೋಳಿಗೆಗೆ ಆಗಷ್ಟೇ ತುಪ್ಪ ಬಿದ್ದಿತ್ತು. ಒಂದು ಕ್ಷಣ ಬಾಜಿನ ಹಿರಿಯರ ಕಡೆ ನೋಡಿದ, ಮಗಳ ಕಡೆ ನೋಡಿದ. ಎದ್ದ.

ಬಡಿಸುವವನ ಸೌಟು ನಡುವೆಯೇ ನಿಂತಿತು.

"ಯಾಕಪಾ ಅಳಿಯಾ, ಚೇಳ ಬಂತೇನು?" ಅಂದರು ದೊಡ್ಡಪ್ಪ.

"ಇಲ್ರಿ ಮಾವಾರ. ಮಗಳು ಕರ್ಯಾಕತ್ತಾಳ," ಅಂದ ತಮ್ಮ. ಎಂಜಲ ಕೈಯನ್ನು ಹಿಂದಕ್ಕೆ ಹಿಡಿದು, ಎಡಗೈಯ ಒಂದು ಬೆರಳನ್ನು ಹುಡುಗಿಯ ಮುಂದೆ ಚಾಚಿದ. ಅವಳು ಅದನ್ನು ಹಿಡಿದಳು. ಇಬ್ಬರೂ ಹಿತ್ತಲಿಗೆ ಹೋದರು.

ಹಿರಿಯರು ನನ್ನ ಕಡೆ ನೋಡಿದರು. ನಾನು ಕೂತಲ್ಲಿಂದಲೇ ಎರಡು ಮಾತಿನಲ್ಲಿ ಹೇಳಿದೆ: ಸಪ್ಪಳ ಆಕೆಗೆ ತಡೆಯಲಾಗುವುದಿಲ್ಲ, ಅಳುವ ಮೊದಲು ಹೀಗೆ ಹೇಳಿ ಕರೆಯುತ್ತಾಳೆ, ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತಾಳೆ. ಅವರು ಕೇಳಿಸಿಕೊಂಡು, "ಆ ಹಾಡ ಬಂದ್ ಮಾಡ್ರಲೇ," ಎಂದರು. ತಮ್ಮದೇ ನೀರಿನ ಗ್ಲಾಸನ್ನು ನನ್ನ ತಮ್ಮನ ಎಡೆಯ ಮುಂದೆ ಸರಿಸಿಟ್ಟು ಕಾವಲಿಗೆ ಕೂತಂತೆ ಕೂತರು.

ಎಲ್ಲರ ಊಟ ಮುಗಿಯಿತು. ಹಿರಿಯರು ಏಳಲಿಲ್ಲ. ಅವರು ಏಳದೆ ಉಳಿದವರು ಹೇಗೆ ಏಳುವುದು?

"ಅಜ್ಜಾರ, ಕೈ ಒಣಗಿ ಹಪ್ಪಳಾತ್ರಿ," ಎಂದ ಸಾಲಿನ ತುದಿಯವನೊಬ್ಬ.

"ಒಣಗಲಿ. ನಿನ್ನ ಕೈಯೇನ ಬಿತ್ತಾಕ ಬೇಕಾಗೇತೇನ ಈಗ?"

ತಮ್ಮನ ಹೆಂಡತಿ ಸೆರಗಿನಲ್ಲಿ ಅಕ್ಕಿಕಾಳು ಅಂಟಿಸಿಕೊಂಡೇ ಹೊರಗೆ ಬಂದಳು. ಉಂಡು ಸುಮ್ಮನೆ ಕೂತ ಇಪ್ಪತ್ತು ಮಂದಿ, ನಡುವೆ ಗಂಡನ ಖಾಲಿ ಜಾಗ. ಅವಳ ಮುಖ ಬಿಳಿಚಿಕೊಂಡಿತು. "ಏನಾತ್ರಿ ದೊಡ್ಡಪ್ಪಾರ?"

"ಏನೂ ಆಗಿಲ್ಲವ್ವಾ. ನಿನ್ನ ಗಂಡ ಮಗಳ ಕೂಡ ಹಿತ್ತಲದಾಗ ಅದಾನ. ಎಡಿ ಇನ್ನೂ ಮುಗಿದಿಲ್ಲ. ಎಡಿ ಮುಗೀದ ಪಂಕ್ತಿ ಹೆಂಗ ಏಳತೈತಿ?"

ಅಷ್ಟು ವರ್ಷ ನಾನು ಆಕೆಯ ಬೆನ್ನನ್ನೇ ನೋಡಿದ್ದೆ. ಆ ದಿನ ಮುಖ ನೋಡಿದೆ.

ಅಪ್ಪ ಮಗಳು ಬಂದರು. ಹುಡುಗಿ ತನ್ನ ತಾಟಿನ ಮುಂದೆ ಕೂತು ಬಿದ್ದ ರೊಟ್ಟಿ ಬಿಟ್ಟು ಹೊಸದು ತೆಗೆದುಕೊಂಡಳು. ತಮ್ಮ ಆರಿದ ಹೋಳಿಗೆಯನ್ನು ಇಪ್ಪತ್ತು ಜನರ ಕಣ್ಣೆದುರು ತಲೆ ತಗ್ಗಿಸಿ ಉಂಡ, ಒಂದಗುಳೂ ಬಿಡದಂತೆ. ಆಮೇಲೆ ಹಿರಿಯರು ಎದ್ದರು. ಸಾಲೆಲ್ಲ ಒಮ್ಮೆಲೇ ಬಚ್ಚಲಿಗೆ ಓಡಿತು.

ಈಗ ತಮ್ಮ ಚೇಳಿನ ಕಥೆ ಹೇಳುವುದು ಕಡಿಮೆ. ಬಂದವರಿಗೆ ಈ ಕಥೆಯನ್ನೇ ಹೇಳುತ್ತಾನೆ. "ನನ್ನ ಮಗಳ ಸಂಬಂಧ ಕುಂದಗೋಳದಾಗ ಪಂಕ್ತಿ ಒಂದು ತಾಸು ಕಾದಿತ್ರಿ!" ಎನ್ನುತ್ತಾನೆ. ಅದು ಹನ್ನೆರಡು ನಿಮಿಷ. ಗಡಿಯಾರ ನೋಡಿದವಳು ನಾನು. ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಸುಮ್ಮನೆ ನೋಡುತ್ತ ಕೂರುವುದನ್ನು ನಾನೀಗ ಸ್ವಲ್ಪ ಕಲಿತಿದ್ದೇನೆ.