ಗೈಬುಸಾಬರು ನಿಲ್ಲಿಸಿದ ಒಂದು ಕಂಬ

ಭಾನುವಾರ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಂದಗಿಯ ಹೊರವಲಯದ ತಗಡಿನ ಶೆಡ್ಡಿನಲ್ಲಿ ಗೈಬುಸಾಬರು ಹಳೆಯ ತೊಲೆಯಿಂದ ಮೊಳೆ ಕೀಳುತ್ತಿದ್ದಾರೆ. ಕಿತ್ತದ್ದನ್ನು ಬಡಿದು ನೆಟ್ಟಗೆ ಮಾಡಿ ಡಬ್ಬಿಗೆ ಹಾಕುತ್ತಾರೆ. ಹಳೆಯ ಮನೆಗಳನ್ನು ಬಿಚ್ಚಿ, ಕಂಬ, ಬಾಗಿಲುಗಳನ್ನು ಹೊಸ ಮನೆಗಳಲ್ಲಿ ನಿಲ್ಲಿಸಿಕೊಡುವುದು ಅವರ ಕಸುಬು. ಮೂವತ್ತೆಂಟು ವರ್ಷಗಳಲ್ಲಿ ಇನ್ನೂರಕ್ಕೂ ಹೆಚ್ಚು ಮನೆ ಬಿಚ್ಚಿದ್ದಾರೆ. ಗೃಹಪ್ರವೇಶಕ್ಕೆ ಅವರನ್ನು ನೆನೆದು ಕರೆದವರು ಬೆರಳೆಣಿಕೆಯಷ್ಟು.

“ಕೆಡವೂದು ಯಾರಿಗೂ ಬರತೈತ್ರಿ. ಬಿಚ್ಚೂದು ಬ್ಯಾರೆ,” ಎನ್ನುತ್ತಾರೆ. ಕಂಬ ಇಳಿಸಿದ ಕೂಡಲೇ ಬುಡಕ್ಕೆ ಸುಣ್ಣದ ಗುರುತು ಬೀಳುತ್ತದೆ. “ಗಿಡ ಹೆಂಗ ನಿಂತಿತ್ತೋ ಕಂಬಾನೂ ಹಂಗ ನಿಂದರಬೇಕು. ತಲಿಕೆಳಗ ನಿಂತ್ರ ಮನಿಗೆ ಛಲೋ ಅಲ್ಲ.”

ಇವತ್ತು ವಿಜಯಪುರದ ಶಿಕ್ಷಕಿ ಶೈಲಶ್ರೀ ಹಳೆ ಕಂಬ ಹುಡುಕಿಕೊಂಡು ಬಂದಿದ್ದಾರೆ. ಗೈಬುಸಾಬರು ನಿಲ್ಲಿಸಿದ ಕಂಬವೊಂದನ್ನು ಮೊದಲು ಕಣ್ಣಾರೆ ನೋಡಬೇಕಂತೆ. ದೇವಣಗಾಂವದ ರೇಣುಕಾಳ ಮನೆಯ ಹೆಸರನ್ನು ಯಾರೋ ಹೇಳಿ ಕಳಿಸಿದ್ದಾರೆ. ಗೈಬುಸಾಬರ ಮುಖ ಸಣ್ಣದಾಗುತ್ತದೆ.

ಆರು ವರ್ಷದ ಹಿಂದೆ ಆ ಮನೆಯ ಕಂಬದ ಸುಣ್ಣ ಮಳೆಗೆ ತೊಳೆದುಹೋಗಿತ್ತು. ಅವಸರದಲ್ಲಿ ನಿಲ್ಲಿಸಿಬಿಟ್ಟರು. ಮೇಲ್ಮುಖವಾಗಿರಬೇಕಾದ ಕೊಂಬೆಯ ಗಂಟು ಕೆಳಮುಖವಾಗಿದ್ದು ಕಣ್ಣಿಗೆ ಬೀಳುವಷ್ಟರಲ್ಲಿ ಮೇಲೆ ತೊಲೆ ಏರಿತ್ತು. ಯಾರಿಗೂ ತಿಳಿಯಲಿಲ್ಲ, ಇವರೂ ಬಾಯಿ ಬಿಡಲಿಲ್ಲ. ಅಂದಿನಿಂದ ಆ ಓಣಿಯನ್ನೇ ತಪ್ಪಿಸಿ ತಿರುಗುತ್ತಿದ್ದಾರೆ.

“ಬರ್ರಿ ಕಾಕಾ, ನಮ್ಮ ಮನಿ ದಾರೀನಽ ಮರತೀರಿ,” ಎಂದು ದೇವಣಗಾಂವದ ಮನೆಯ ಬಾಗಿಲಲ್ಲಿ ರೇಣುಕಾ ಇಬ್ಬರನ್ನೂ ಎದುರುಗೊಳ್ಳುತ್ತಾಳೆ. ಕಂಬದ ಬುಡದಲ್ಲಿ ಆಗತಾನೆ ಹಚ್ಚಿದ ವಿಭೂತಿ. ಶೈಲಶ್ರೀ ಕಂಬವನ್ನು ಸವರಿ, “ಇಂಥಾವಽ ನಾಕು ಬೇಕ್ರಿ,” ಎನ್ನುತ್ತಾರೆ.

ಹೂಂ ಎಂದಿದ್ದರೆ ವ್ಯಾಪಾರ ಕುದುರುತ್ತಿತ್ತು. ಗೈಬುಸಾಬರು ಕಂಬದ ಗಂಟಿನ ಮೇಲೆ ಬೆರಳಿಡುತ್ತಾರೆ.

“ಇಂಥಾದ್ದು ಬ್ಯಾಡ್ರಿ ಅಕ್ಕಾರ. ಇದು ತಲಿಕೆಳಗೈತಿ. ನಾನಽ ನಿಲ್ಲಿಸೇನಿ. ತಪ್ಪಾತು ತಂಗಿ, ಇಷ್ಟ ದಿನ ಮುಚ್ಚಿಟ್ಟೆ.”

ರೇಣುಕಾ ಕಂಬವನ್ನು ಮೇಲಿಂದ ಕೆಳಗೆ ನೋಡುತ್ತಾಳೆ. “ದಿನಾ ಇದರ ಕಾಲಿಗೆ ವಿಭೂತಿ ಹಚ್ಚತೇನಿ ಅಂದ್ಕೊಂಡಿದ್ನಿ. ತಲಿಗೇ ಹಚ್ಚಿದಂಗಾತಲ್ಲ ಕಾಕಾ,” ಎನ್ನುತ್ತಾಳೆ. ಆಮೇಲೆ, “ಕೂಡ್ರಿ, ಚಾ ತರತೇನಿ,” ಎಂದು ಒಳಗೆ ಹೋಗುತ್ತಾಳೆ.

ಆಕೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಗೈಬುಸಾಬರು ನೆಲ ನೋಡುತ್ತ ಕೂಡುತ್ತಾರೆ. ಕೈಗೆ ಬಂದ ಬಸಿಯ ಚಹಾ ಆರುತ್ತದೆ.

“ಸುಗ್ಗಿ ಮುಗದ ಮ್ಯಾಲ ಬರ್ತೇನಿ ತಂಗಿ. ತೊಲಿಗೆ ಆಸರ ಕೊಟ್ಟು ನಾನಽ ತಿರುವಿ ನಿಲ್ಲಸ್ತೇನಿ. ಚಾ ಅವತ್ತ ಕುಡಿತೇನಿ, ತಲಿ ಎತ್ತಿ.”