ದವಡೆ ಸಂದಿನ ಗಮ್

ನಾನು ಬೀಡಿ, ಸಿಗರೇಟು ಸೇದಿದವಳಲ್ಲ. ನಮ್ಮ ಕಡೆಯ ಹೆಂಗಸರಿಗೆ ಅದರ ಅಗತ್ಯವೂ ಇಲ್ಲ. ಎಲೆಅಡಿಕೆಯ ಜೊತೆ ಚಿಟಿಕೆ ಕಡ್ಡಿಪುಡಿ ಇದ್ದರೆ ಸಾಕು. ಮೊದಲ ಬಾಣಂತನದಲ್ಲಿ ಹಲ್ಲುನೋವು ಬಂದು ಒದ್ದಾಡುತ್ತಿದ್ದಾಗ ಅತ್ತೆ ತಮ್ಮ ಎಲೆಚೀಲ ಬಿಚ್ಚಿ ಹೊಗೆಸೊಪ್ಪಿನ ಆ ಪುಡಿಯನ್ನು ನನ್ನ ಅಂಗೈಗೆ ಹಾಕಿದರು. "ಹಲ್ಲಿನ ಬುಡಕ್ಕೆ ಒತ್ರಿಸ್ಕಂಡು ಸುಮ್ಕೆ ಮಲೀಕಳಮ್ಮಿ. ನೋವು ಅಂಗೇ ಕರಗೋಯ್ತದೆ" ಎಂದರು.

ಮೊದಲು ತಲೆ ತಿರುಗಿತು, ವಾಂತಿ ಬಂತು. ಆಮೇಲೆ ನೋವು ನಿಜವಾಗಿಯೂ ಕರಗಿತು. ಹಲ್ಲು ವಾಸಿಯಾದ ಮೇಲೂ ಪುಡಿ ಉಳಿಯಿತು. ಬರಗೂರಿನ ಆ ಮನೆಯಲ್ಲಿ ಅದನ್ನು ಯಾರೂ ಚಟ ಎಂದು ಕರೆಯುತ್ತಿರಲಿಲ್ಲ. ಉಂಡ ಮೇಲೆ ಅತ್ತೆ, ಓರಗಿತ್ತಿ, ನಾನು ನಡುಮನೆಯಲ್ಲಿ ಕಾಲು ಚಾಚಿ ಕೂತು ಎಲೆ ಹಾಕುವುದು ಊಟದ ಕೊನೆಯ ಭಾಗವಾಗಿತ್ತು, ಅಷ್ಟೇ. ಕಳ್ಳಂಬೆಳ್ಳದ ಹತ್ತಿರ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ, ಗಂಡ ಮಕ್ಕಳೊಂದಿಗೆ ಸಿರಾಕ್ಕೆ ಮನೆ ಮಾಡಿಕೊಂಡು ಬಂದಾಗ ಎಲೆ ಬಿಟ್ಟೆ. ಬಾಯಿ ಕೆಂಪಾದರೆ ಮಕ್ಕಳಿಗೆ ಪಾಠ ಹೇಳುವುದು ಹೇಗೆ? ಪುಡಿ ಮಾತ್ರ ಬಿಡಲಿಲ್ಲ. ಅದು ಯಾರಿಗೂ ಕಾಣುವುದಿಲ್ಲ.

ಬಹಳ ವರ್ಷಗಳಾದ ಮೇಲೆ, ಖಾರ ತಿಂದರೆ ಎಡಗೆನ್ನೆಯ ಒಳಗೆ ಉರಿ ಹತ್ತತೊಡಗಿತು. ಸಿರಾದ ಹಲ್ಲಿನ ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಟಾರ್ಚ್ ಬಿಟ್ಟು ನೋಡಿ, ಕೈಗನ್ನಡಿ ಕೊಟ್ಟು, ನಾನು ಪುಡಿ ಒತ್ತರಿಸುತ್ತಿದ್ದ ಜಾಗದಲ್ಲೇ ಕೂತಿದ್ದ ಬಿಳಿ ಮಚ್ಚೆಯನ್ನು ತೋರಿಸಿದರು. "ಇದು ಇವತ್ತು ಕ್ಯಾನ್ಸರ್ ಅಲ್ಲ ಟೀಚರ್. ನೀವು ಪುಡಿ ಬಿಡದೇ ಇದ್ರೆ ಮುಂದೆ ಏನು ಅಂತ ನಾನು ಹೇಳಕ್ಕಾಗಲ್ಲ" ಎಂದರು. ಅವರೇ ನಿಕೋಟಿನ್ ಗಮ್ ಬರೆದುಕೊಟ್ಟರು. ಹೊಗೆಸೊಪ್ಪಿನಲ್ಲಿ ಕ್ಯಾನ್ಸರ್ ತರುವ ವಿಷಗಳೇ ಬೇರೆ, ಬಿಡದ ಹಾಗೆ ಹಿಡಿದಿಡುವ ನಿಕೋಟಿನ್ನೇ ಬೇರೆ. ಗಮ್‌ನಲ್ಲಿ ಆ ಹಿಡಿದಿಡುವ ವಸ್ತು ಮಾತ್ರ ಸ್ವಲ್ಪ ಸ್ವಲ್ಪ ಸಿಗುತ್ತದೆ. ಕೆಲವು ತಿಂಗಳು ಬಳಸಿ, ಕಡಿಮೆ ಮಾಡುತ್ತಾ ಬಂದು ನಿಲ್ಲಿಸಬೇಕು ಎಂದು ಬಿಡಿಸಿ ಹೇಳಿದರು. ನಾಲ್ಕು ಸಲ ಅಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ದವಡೆ ಸಂದಿಗೆ ಸರಿಸಿ ಸುಮ್ಮನಿರಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು.

ಪುಡಿ ಬಿಟ್ಟೆ. ಮಚ್ಚೆ ತಿಂಗಳು ತಿಂಗಳಿಗೆ ತಿಳಿಯಾಯಿತು. ಗಂಡ ಸಂತೋಷದಿಂದ ನಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದರು. ಆದರೆ ನಾನು ಕಡಿಮೆ ಮಾಡಬೇಕಾದ ಕಾಲ ಬಂದು, ದಾಟಿಯೂ ಹೋಯಿತು. ಗಮ್ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಬೆಳಿಗ್ಗೆ ಹಾಲು ಕಾಯಿಸುವ ಮೊದಲು ಒಂದು, ಬಸ್ಸಿನಲ್ಲಿ ಒಂದು, ಪ್ರಾರ್ಥನೆ ಮುಗಿದ ಮೇಲೆ ಒಂದು. ಗಣಿತ ಹೇಳುವಾಗ ಅದು ದವಡೆ ಸಂದಿನಲ್ಲಿ ಇಲ್ಲದಿದ್ದರೆ ಭಾಗಾಕಾರದ ಮಧ್ಯದಲ್ಲಿ ಎಲ್ಲಿದ್ದೇನೆಂದೇ ಮರೆತುಹೋಗುತ್ತಿತ್ತು. ಬಿಕ್ಕಳಿಕೆ ಬರುತ್ತಿತ್ತು, ಎದೆಯುರಿ, ಕಿವಿಯ ಹತ್ತಿರ ದವಡೆ ನೋವು. ಮಹಡಿ ಹತ್ತಿದರೆ ಎದೆ ದಬದಬ ಬಡಿದುಕೊಳ್ಳುತ್ತಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ ಹೆಚ್ಚಿದೆ ಎಂದು ಮಾತ್ರೆ ಕೊಟ್ಟರು. ಗಮ್ ವಿಷಯ ಅವರು ಕೇಳಲಿಲ್ಲ, ನಾನೂ ಎತ್ತಲಿಲ್ಲ. ಬಿಟ್ಟವಳು ಎಂದು ಹೆಸರಾದ ಮೇಲೆ, ಇನ್ನೂ ಬಿಟ್ಟಿಲ್ಲ ಎಂದು ಯಾರ ಮುಂದೆ ಹೇಳುವುದು?

ಒಂದೇ ಮೆಡಿಕಲ್ ಶಾಪಿನಲ್ಲಿ ಕೊಂಡರೆ ಗೊತ್ತಾಗುತ್ತದೆಂದು ತರಬೇತಿಗೆ ಮಧುಗಿರಿಗೆ ಹೋದಾಗ ಅಲ್ಲಿ, ಅಕ್ಕನ ಮನೆಗೆ ಕೊರಟಗೆರೆಗೆ ಹೋದಾಗ ಅಲ್ಲಿ ತಂದಿಟ್ಟುಕೊಳ್ಳುತ್ತಿದ್ದೆ. ಅಕ್ಕನ ಮಗಳ ಸೀಮಂತದ ದಿನ ಅರಿಸಿನ ಕುಂಕುಮದ ಹೊತ್ತಿಗೆ ಮನೆಯಿಂದ ಮಾಯವಾಗಿ ಕೊರಟಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ತೆರೆದಿರುವ ಅಂಗಡಿ ಹುಡುಕುತ್ತಾ ಬಿಸಿಲಲ್ಲಿ ಅಲೆದಿದ್ದೇನೆ. ಹೊಸ ಊರಿಗೆ ಹೋಗಬೇಕೆಂದರೆ ದೇವಸ್ಥಾನ ಎಲ್ಲಿದೆ ಎನ್ನುವುದಕ್ಕಿಂತ ಮೊದಲು ಮೆಡಿಕಲ್ ಶಾಪ್ ಎಲ್ಲಿದೆ ಎಂದು ಮನಸ್ಸು ಕೇಳುತ್ತಿತ್ತು.

ಸಿರಾದಲ್ಲಿ ಮಾತ್ರ ಒಂದೇ ಅಂಗಡಿ ಖಾಯಂ ಆಗಿತ್ತು. ಅದರ ಯಜಮಾನರು ಸಾಬರು, ಬಹಳ ಮರ್ಯಾದಸ್ಥರು. ಒಂದು ಸಲ ಪೊಟ್ಟಣ ಕಟ್ಟುತ್ತಾ, "ಮೇಡಂ, ಸಾಹೇಬ್ರು ಇನ್ನೂ ಸಿಗರೇಟ್ ಬಿಟ್ಟಿಲ್ವಾ?" ಎಂದು ಕೇಳಿದರು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, ತಲೆ ತಗ್ಗಿಸಿ ಚೀಲಕ್ಕೆ ಹಾಕಿಕೊಂಡೆ. ಅವರು ಅದನ್ನು ಹೌದೆಂದೇ ತಿಳಿದುಕೊಂಡರು.

ನನ್ನ ಗಂಡನಿಗೆ ಕರೆಂಟ್ ಆಫೀಸಿನಲ್ಲಿ ಕೆಲಸ. ಜೀವಮಾನದಲ್ಲಿ ಸಿಗರೇಟು ಮುಟ್ಟಿದವರಲ್ಲ. ಒಂದು ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತರು.

"ಟೀ ಅಂಗ್ಡೀಲಿ ಮೆಡಿಕಲ್ ಸಾಬ್ರು ಸಿಕ್ಕಿದ್ರು. ಭುಜ ತಟ್ಬುಟ್ಟು, 'ಹಿಮ್ಮತ್ ಮಾಡಿ ಸಾರ್, ಮೇಡಂ ನಿಮಗೋಸ್ಕರ ಎಷ್ಟು ಓಡಾಡ್ತಾರೆ, ಈ ಸಲ ಬಿಟ್ಟೇಬಿಡಿ' ಅಂದ್ರು. ಏನು ಬಿಡ್ಲಿ ನಾನು?"

ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬಾಯಲ್ಲಿ ಗಮ್ ಇತ್ತು. ಅವರು ಹತ್ತಿರ ಬಂದು ನನ್ನ ಕೆನ್ನೆಯನ್ನೇ ನೋಡಿದರು.

"ಇನ್ನೂ ಬಿಟ್ಟಿಲ್ವಾ?"

"ಇಲ್ಲ."

"ಆ ಪುಡಿ ಬಿಡೋಕೆ ಅಂತ ಇದನ್ನ ತಗಂಡೆ. ಇದನ್ನ ಬಿಡೋಕೆ ಇನ್ನೇನು ತಗಂತೀಯ?"

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಊಟದ ಹೊತ್ತಿನಲ್ಲಿ, "ನಾಳೆಯಿಂದ ಬೇಡ ಬುಡು. ಮನಸ್ಸು ಮಾಡಿದ್ರೆ ಆಯ್ತದೆ" ಎಂದರು. ಆಯಿತು ಎಂದೆ. ಅಂಥ ಎಷ್ಟೋ ನಾಳೆಗಳನ್ನು ನಾನು ಒಳಗೊಳಗೇ ಕಂಡಿದ್ದೆ.

ಅದೇ ಸಮಯಕ್ಕೆ ಚುನಾವಣೆ ಬಂತು. ನನಗೆ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯಿಂದ ಆಚೆಗಿನ ಒಂದು ಹಳ್ಳಿಯ ಮತಗಟ್ಟೆಗೆ ಡ್ಯೂಟಿ ಬಿತ್ತು. ಬೇರೆಯವರಾಗಿದ್ದರೆ ತಪ್ಪಿಸಿಕೊಳ್ಳಲು ಓಡಾಡುತ್ತಿದ್ದರು. ನನಗೆ ಮಾತ್ರ ಒಂದು ದಾರಿ ಕಂಡಂತಾಯಿತು. ಹಿಂದಿನ ದಿನ ಹೋಗಿ ಶಾಲೆಯಲ್ಲೇ ತಂಗಬೇಕು, ಮತದಾನ ಮುಗಿದು ಯಂತ್ರ ಒಪ್ಪಿಸುವ ತನಕ ಎಲ್ಲೂ ಕದಲುವಂತಿಲ್ಲ. ಅಲ್ಲಿ ಬೇಕೆಂದರೂ ಗಮ್ ಸಿಗುವುದಿಲ್ಲ. ಮೊದಲ ಎರಡು ದಿನ ಕಳೆದರೆ ಆಮೇಲೆ ಸುಲಭ ಎಂದು ಎಲ್ಲೋ ಕೇಳಿದ್ದೆ. ಇದ್ದ ಗಮ್ಮನ್ನೆಲ್ಲ ಬೀರುವಿನಲ್ಲಿಟ್ಟು, ಬೀಗದ ಕೈ ಗಂಡನಿಗೆ ಕೊಟ್ಟು ಹೊರಟೆ.

ಪಾವಗಡದಲ್ಲಿ ಯಂತ್ರ ಪಡೆದುಕೊಂಡು ಬಸ್ಸು ಹೊರಟಾಗಲೇ ತಲೆ ಭಾರವಾಗಿತ್ತು. ದಾರಿಯ ಎರಡೂ ಕಡೆ ಸೋಲಾರ್ ಫಲಕಗಳು, ಮುಗಿಯುವುದೇ ಇಲ್ಲ. ಅವುಗಳ ಸುತ್ತ ತಂತಿಬೇಲಿ. ಆ ಬಿಸಿಲಿನ ಹೊಳಪಿಗೆ ಕಣ್ಣು ಬಿಡಲಾಗದೆ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಶಾಲೆ ಸೇರಿದ ಮೇಲೆ ಸಿಬ್ಬಂದಿ ಮೇಜು ಜೋಡಿಸುತ್ತಿದ್ದರೆ ನಾನು ಇಟ್ಟ ಕುರ್ಚಿಯನ್ನೇ ಮತ್ತೆ ಮತ್ತೆ ಸರಿಸುತ್ತಿದ್ದೆ. ಮುಖ್ಯಾಧಿಕಾರಿಯಾಗಿ ಬಂದಿದ್ದ ಮಧುಗಿರಿಯ ಕಾಲೇಜು ಲೆಕ್ಚರರ್, "ಮೇಡಂ, ಸ್ವಲ್ಪ ಕೂತ್ಕೊಳ್ಳಿ" ಎಂದಿದ್ದಕ್ಕೆ, "ನನ್ನ ಕೆಲಸ ನನಗೆ ಗೊತ್ತಿದೆ" ಎಂದು ಸಿಡಿದೆ. ಅವರು ಪಾಪ, ತಮ್ಮ ಕಾಗದಪತ್ರಗಳ ಕಡೆ ತಿರುಗಿದರು.

ಬೆಳಿಗ್ಗೆ ಮತದಾನ ಶುರುವಾಯಿತು. ಬೆರಳಿಗೆ ಶಾಯಿ ಹಚ್ಚುವುದು ನನ್ನ ಕೆಲಸ. ಸುಲಭದ್ದೇ. ಆದರೆ ಕೈ ನಡುಗುತ್ತಿತ್ತು. ಉಗುರಿನ ಮೇಲೆ ಗೆರೆ ಎಳೆಯಬೇಕಾದದ್ದು ಬೆರಳ ಸಂದಿಗೆಲ್ಲ ಇಳಿಯುತ್ತಿತ್ತು. ಒಬ್ಬ ಅಜ್ಜಿ, "ಏಮ್ಮಾ, ಚೆಯ್ಯಂತಾ ಪೂಸ್ತಾವಾ?" ಎಂದು ತೆಲುಗಿನಲ್ಲಿ ರೇಗಿದಳು, ಕೈಗೆಲ್ಲ ಬಳಿಯುತ್ತೀಯಾ ಎಂದು. ಸಾಲಿನಲ್ಲಿದ್ದವರು ನಕ್ಕರು. ನನಗೆ ಅಳು ಬಂತು. ಕೋಣೆಯ ಒಂದೇ ಬಾಗಿಲಿನಲ್ಲಿ ಪೊಲೀಸಿನವನು, ಅವನ ಆಚೆ ಸಾಲು, ಸಾಲಿನ ಆಚೆ ಬಯಲು, ಆ ಬಯಲಿನ ಆಚೆಗೆಲ್ಲೋ ಪಾವಗಡದ ಅಂಗಡಿಗಳು. ಎದ್ದು ಓಡಬೇಕೆನಿಸುತ್ತಿತ್ತು. ಯಾವುದರಿಂದ ಓಡಬೇಕೋ ಅದು ಮೈಯೊಳಗೇ ಇತ್ತು.

ಮಧ್ಯಾಹ್ನ ಜನ ಕಡಿಮೆಯಾದಾಗ ಹೇಳಿ ಹೊರಗೆ ಬಂದೆ. ಹಿಂಬದಿಯ ಅಡುಗೆಕೋಣೆಯಲ್ಲಿ ನಮಗೆ ಊಟ ಮಾಡಿಕೊಡುತ್ತಿದ್ದ ಬಿಸಿಯೂಟದ ಹೆಂಗಸು ಮುದ್ದೆ ಪಾತ್ರೆ ತಿಕ್ಕುತ್ತಿದ್ದಳು. ನನ್ನ ಮುಖ ನೋಡಿ ಕೈ ನಿಲ್ಲಿಸಿದಳು.

"ಏಮೈಂದಿ ಮೇಡಂ? ತಲೆನೋವಾ? ಬನ್ನಿ, ಇಂಗೆ ನೆರಳಾಗೆ ಕೂತ್ಕಳಿ. ಒಂದೆಲೆ ಹಾಕ್ಕಳಿ, ಸರೋಗ್ತದೆ."

ಸೊಂಟದಿಂದ ಎಲೆಚೀಲ ತೆಗೆದಳು. ಅದರ ವಾಸನೆ ಬಂದದ್ದೇ ತಡ, ಬಾಯಲ್ಲಿ ನೀರೂರಿತು. ಎಲೆ ಬೇಡವೆಂದೆ. ಕೈ ಮಾತ್ರ ಚಾಚಿದೆ.

"ಬರೀ ಪುಡಿನಾ? ಖಾರ ಕಣಮ್ಮ ಅದು!"

ವರ್ಷಗಳ ಕೆಳಗೆ ಮಚ್ಚೆ ಇದ್ದ ಜಾಗಕ್ಕೇ ಬೆರಳು ತಾನಾಗಿ ಹೋಯಿತು. ತಲೆ ಒಂದು ಸುತ್ತು ತಿರುಗಿತು. ಮರುಕ್ಷಣ ತಲೆಯೊಳಗಿನ ಗದ್ದಲವೆಲ್ಲ ತಣ್ಣಗಾಯಿತು. ಅಷ್ಟು ದಿನ ನಾನು ಪುಡಿ ಬೇರೆ, ಗಮ್ ಬೇರೆ ಎಂದುಕೊಂಡಿದ್ದೆ. ಒಂದು ಚಟ, ಇನ್ನೊಂದು ಔಷಧಿ. ನನ್ನ ಮೈ ಹಾಗೆ ತಿಳಿದುಕೊಂಡೇ ಇರಲಿಲ್ಲ. ಅದು ಕಾಯುತ್ತಿದ್ದದ್ದು ಒಂದಕ್ಕೇ. ಯಾವ ವೇಷದಲ್ಲಿ ಬಂದರೂ ಸರಿ.

ಅವಳು ನನ್ನನ್ನೇ ನೋಡುತ್ತಿದ್ದಳು. "ನಮ್ಮಂಗೇ ಹಳೇ ಗಿರಾಕಿ ನೀವು" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಾನೂ ಬುಡಬೇಕು ಅಂತ ಧರ್ಮಸ್ಥಳಕ್ಕೆ ಹರಕೆ ಕಟ್ಕಂಡಿದ್ದೆ ಮೇಡಂ. ದೇವ್ರಿಗೂ ತಪ್ಪುಕಾಣಿಕೆ ಹಾಕಿದ್ದಾಯ್ತು" ಎಂದಳು. ನಾನು ನಲ್ಲಿಯ ಹತ್ತಿರ ಹೋಗಿ ಉಗಿದು ಬಾಯಿ ತೊಳೆದೆ, ಮತ್ತೆ ಮತ್ತೆ ತೊಳೆದೆ. ಕನ್ನಡಿ ಇರಲಿಲ್ಲ. ಇದ್ದಿದ್ದರೆ ಅಲ್ಲೇ ಬಾಯಿ ಅಗಲಿಸಿ ನೋಡಿಕೊಳ್ಳುತ್ತಿದ್ದೆನೇನೋ. ಒಳಗೆ ಹೋಗಿ ಕೂತ ಮೇಲೆ ಕೈ ನಡುಗಲಿಲ್ಲ. ಸಂಜೆಯವರೆಗೂ ಬಂದವರ ಬೆರಳಿಗೆಲ್ಲ ಅಚ್ಚುಕಟ್ಟಾಗಿ ಗೆರೆ ಎಳೆದೆ. ಲೆಕ್ಚರರ್, "ಈಗ ಪರವಾಗಿಲ್ವಾ ಮೇಡಂ?" ಎಂದು ಕೇಳಿದಾಗ ಪರವಾಗಿಲ್ಲ ಎಂದೆ. ಒಳಗೆ ಮಾತ್ರ ಹೆದರಿಕೆ ಇತ್ತು.

ಮನೆಗೆ ಬಂದು ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಎದ್ದುಹೋಗಿ ಬೀರು ತೆರೆದು ಗಮ್ ತಂದು ನನ್ನ ಮುಂದಿಟ್ಟರು. "ಆ ಪುಡಿಗಿಂತ ಇದೇ ವಾಸಿ. ತಿನ್ನು. ನಾನು ಸುಲಭ ಅಂದ್ಕಂಬುಟ್ಟಿದ್ದೆ" ಎಂದರು.

ಮಾರನೆಯ ದಿನ ಇಬ್ಬರೂ ಅದೇ ಹಲ್ಲಿನ ಡಾಕ್ಟರ್ ಹತ್ತಿರ ಹೋದೆವು. ಕೆನ್ನೆ ಸರಿಯಿತ್ತು. ಬಿಪಿ, ಚುನಾವಣೆಯ ದಿನ ನಡೆದದ್ದು ಎಲ್ಲ ಹೇಳಿ, ಗಮ್ ಇನ್ನೂ ಅಗಿಯುತ್ತಿದ್ದೇನೆ ಎಂದಾಗ ಅವರು ಆಶ್ಚರ್ಯಪಡಲಿಲ್ಲ. "ಹೀಗೆ ಸಿಕ್ಕಿಹಾಕಿಕೊಳ್ಳೋರು ಇದ್ದಾರೆ. ಇದರಿಂದ ಆ ಕ್ಯಾನ್ಸರಿನ ಭಯ ಇಲ್ಲ, ಆದ್ರೆ ಎದೆಬಡಿತ, ಬಿಪಿ ಇರೋರು ಹೀಗೆ ಅಗೀತಾ ಇರಬಾರದು. ಒಂದೇ ಸಲಕ್ಕೆ ಕಿತ್ತು ಹಾಕೋಕೆ ಹೋಗಿದ್ದು ನಿಮಗೆ ಆಗಿಬರಲಿಲ್ಲ. ನಿಧಾನಕ್ಕೆ ಇಳಿಸಿ" ಎಂದರು. ಬಿಪಿ ನೋಡುವ ಡಾಕ್ಟರಿಗೂ ಹೇಳಲೇಬೇಕೆಂದರು. ಹೇಳಿದೆ.

ಈಗ ಗಂಡನೇ ಬೆಳಿಗ್ಗೆ ದಿನದ ಪಾಲು ಎಣಿಸಿ ಕೊಡುತ್ತಾರೆ. ಗಮ್ ಯಾರಿಗೆಂದು ಆ ಮೆಡಿಕಲ್ ಸಾಬರಿಗೂ ಗೊತ್ತಾಗಿದೆ; ಕೇಳದೆ ಪೊಟ್ಟಣ ಕೊಟ್ಟು, "ಕಮ್ಮಿ ಆಯ್ತಾ ಮೇಡಂ?" ಎನ್ನುತ್ತಾರೆ. ಕಮ್ಮಿಯಾಗಿದೆ. ಮಹಡಿ ಹತ್ತಿದರೆ ಎದೆ ಮೊದಲಿನಷ್ಟು ಬಡಿದುಕೊಳ್ಳುವುದಿಲ್ಲ. ಆದರೆ ಊಟದ ಬೆಲ್ಲಿನಿಂದ ಮುಂದಿನ ಪೀರಿಯಡ್ಡಿನವರೆಗಿನ ಹೊತ್ತು ಈಗಲೂ ದಾಟಲಾಗುವುದಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ಪೂರ್ತಿ ನಿಲ್ಲಿಸಿದ್ದೆ. ಶಾಲೆ ಶುರುವಾಗಿ ಒಂದನೇ ತರಗತಿಯ ಮಕ್ಕಳ ಅಳು ಕಿವಿಗೆ ಬಿದ್ದ ದಿನವೇ ಮತ್ತೆ ಅಂಗಡಿಯ ಮುಂದೆ ನಿಂತಿದ್ದೆ. ಬಿಟ್ಟಾಯಿತಾ ಎಂದು ಕೇಳಿದವರಿಗೆ ಈಗ ಇಲ್ಲ ಎಂದೇ ಹೇಳುತ್ತೇನೆ. ಬಿಡುತ್ತೇನೆ ಎಂಬ ಮಾತನ್ನು ಮಾತ್ರ ಇನ್ನೂ ಯಾರಿಗೂ ಕೊಟ್ಟಿಲ್ಲ.