ಕಿಲ್ಟೂಬರ್ ಬಾವಿಯ ಮುಳ್ಳಿನ ಮರ

ನಾಗಮಣಿಯವರದು ಸುಮ್ಮನಿರುವ ಕೈ ಅಲ್ಲ. ಮೈಸೂರಿನಲ್ಲಿದ್ದಾಗ ತಮ್ಮ ಬಾಗಿಲು ಗುಡಿಸಿದ ಮೇಲೆ ಪಕ್ಕದ ಮನೆಯ ಬಾಗಿಲನ್ನೂ ಗುಡಿಸಿ, ಆ ಮನೆಯವರಿಂದಲೇ ಮಾತು ಕೇಳಿಸಿಕೊಂಡು ಬರುತ್ತಿದ್ದರು. ಬಸ್ಸು ಹತ್ತಿದರೆ ಕೂರುವ ಸೀಟಿನ ಜೊತೆಗೆ ಎದುರಿನ ಸೀಟನ್ನೂ ಸೆರಗಿನಿಂದ ಒರೆಸುವ ಜನ. ಮಗಳು ನಿಖಿತಾಳ ಎರಡನೇ ಬಾಣಂತನಕ್ಕೆಂದು ಐರ್ಲೆಂಡಿಗೆ ಬಂದರು. ಬಂದ ಕೆಲವೇ ದಿನಕ್ಕೆ ಕೊರೊನಾ ಬಂದು, ಲೋಕವೇ ಬಾಗಿಲು ಹಾಕಿಕೊಂಡಿತು.

ಅಳಿಯ ಲೋಹಿತ್‌ಗೆ ಅತ್ಲೋನ್‌ನಲ್ಲಿ ಕೆಲಸ. ಬಾಡಿಗೆ ಕಡಿಮೆ ಎಂದು ಕಿಲ್ಟೂಬರ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದ್ದ. ಹಳ್ಳಿ ಎಂದರೆ ಒಂದು ಚರ್ಚು, ಒಂದು ಪಬ್ಬು, ಸೂರು ಬಿದ್ದ ಹಳೇ ಮಠದ ಗೋಡೆ. ಮಿಕ್ಕಿದ್ದೆಲ್ಲ ಹುಲ್ಲು ಮತ್ತು ಹಸು. ಆ ಗೋಡೆಯ ಹಿಂದೆ ಒಂದು ಬಾವಿ, ಅದರ ಮೇಲೆ ಬಾಗಿ ನಿಂತ ಮುಳ್ಳಿನ ಮರ.

ಮನೆಯಿಂದ ಎರಡು ಕಿಲೋಮೀಟರಿನಾಚೆ ಯಾರೂ ಹೋಗುವಂತಿಲ್ಲ ಎಂದು ಸರ್ಕಾರ ಹೇಳಿತ್ತು. ಅಷ್ಟರೊಳಗೇ ಬಾವಿ ಸಿಕ್ಕಿದ್ದು ನಾಗಮಣಿಯವರಿಗೆ ಹಾಲು ಕುಡಿದಷ್ಟು ಸಂತೋಷ. ಬಾಣಂತಿ ಬಾವಿಗೆ ಹೋಗಿ ಗಂಗೆ ಪೂಜೆ ಮಾಡಬೇಕಲ್ಲ. ಹಿರಿಯ ಮಗಳು ತನ್ವಿ ಹುಟ್ಟಿದಾಗ ನಿಖಿತಾ ಅಡುಗೆಮನೆಯ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ ಕೈತೊಳೆದುಕೊಂಡಿದ್ದಳು. ಆ ಕೊರಗು ತಾಯಿಗೆ ಇನ್ನೂ ಹೋಗಿರಲಿಲ್ಲ.

ಪೂಜೆಯ ಹಿಂದಿನ ದಿನ ಪೊರಕೆ ಹಿಡಿದು ಒಬ್ಬರೇ ಹೋದರು. ಮರದ ತುಂಬ ಹರಕು ಕಾಲುಚೀಲ, ಮಾಸಿದ ಕರವಸ್ತ್ರ, ಚಿಂದಿ. ದೇವರಂಥ ಗಂಗೆಯ ಮೇಲೆ ಇದೇನು ಅಸಹ್ಯ ಎಂದು ಅವರಿಗೆ ಸಿಟ್ಟೇ ಬಂತು. ಗಂಟು ಹಾಕಿದ್ದು ಕಂಡರೂ ಯಾರೋ ಪೋಲಿಗಳ ಕೆಲಸ ಎಂದುಕೊಂಡರು. ಮುಳ್ಳು ಚುಚ್ಚಿಸಿಕೊಂಡು ಒಂದೊಂದನ್ನೇ ಬಿಚ್ಚಿ, ಕಪ್ಪು ಚೀಲಕ್ಕೆ ತುಂಬಿ, ಬಿನ್ನಿಗೆ ಹಾಕಿದರು. ಬೆಳಗ್ಗೆ ಕಸದ ಲಾರಿ ಒಯ್ದಿತು. ಪೂಜೆ ಸಾಂಗವಾಗಿ ನಡೆಯಿತು, ತನ್ವಿ ತಂಬಿಟ್ಟು ತಿಂದಳು.

ಸಂಜೆ ಪಕ್ಕದ ಮನೆಯ ಮಾರ್ಟಿನ್ ಗೇಟಿನ ಬಳಿ ಬಂದು ಲೋಹಿತ್‌ನನ್ನು ಕರೆದ. ಊರಿಗೆಲ್ಲ ಟಪಾಲು ಹಂಚಿ ನಿವೃತ್ತನಾದ ಮುದುಕ. ಕಿಲ್ಟೂಬರಿನ ಕಲ್ಲು ಕಲ್ಲಿನ ಕಥೆಯೂ ಅವನಿಗೆ ಬಾಯಿಪಾಠ. ಅವನ ಹೆಂಡತಿ ಬ್ರೀಡಾ ವೃದ್ಧರ ಆರೈಕೆಮನೆಯಲ್ಲಿದ್ದಳು. ಅವಳಿಗೂ ಕೊರೊನಾ ತಗುಲಿತ್ತು. ಒಳಗೆ ಹೋಗಿ ನೋಡಲು ಗಂಡನಿಗೂ ಅಪ್ಪಣೆಯಿರಲಿಲ್ಲ.

ಲೋಹಿತ್ ಸಪ್ಪೆ ಮುಖ ಹೊತ್ತು ಒಳಗೆ ಬಂದ. "ಅತ್ತೆ, ಬಾವಿ ಹತ್ರ ಮರದಲ್ಲಿದ್ದ ಬಟ್ಟೆ ನೀವು ತೆಗೆದ್ರಾ?"

"ಹೂಂ. ಎಷ್ಟು ಗಲೀಜಾಗಿತ್ತು ಗೊತ್ತಾ?"

"ಗಲೀಜಲ್ಲ ಅತ್ತೆ, ಅದು ಹರಕೆ. ಕಾಯಿಲೆಯವರ ಬಟ್ಟೆ ಬಾವೀಲಿ ಅದ್ದಿ ಕಟ್ತಾರಂತೆ. ಅದು ತಾನಾಗೇ ಕೊಳೆತು ಉದುರಿದ್ರೆ ಕಾಯಿಲೆನೂ ಹೋಗುತ್ತಂತೆ. ಮಾರ್ಟಿನ್ ಅವರ ಮುತ್ತಜ್ಜನ ಕಾಲದ ಬರಗಾಲದಲ್ಲೂ ಕಟ್ಟಿದ್ರಂತೆ. ಬ್ರೀಡಾ ಅವರ ಸ್ಕಾರ್ಫ್ ತುಂಡೂ ಅದರಲ್ಲಿತ್ತು."

ನಾಗಮಣಿಯವರು ಹೊರಗೋಡಿ ಬಿನ್ನಿನ ಮುಚ್ಚಳ ತೆಗೆದು ನೋಡಿದರು, ಖಾಲಿ. ಹರಕೆ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಖಿತಾ ಹುಟ್ಟುವ ಮುಂಚೆ ತಾವೇ ಊರದೇವತೆಯ ಮರಕ್ಕೆ ಪುಟ್ಟ ತೊಟ್ಟಿಲು ಕಟ್ಟಿದ್ದರು. ಯಾರಾದರೂ ಅದನ್ನು ಕಸವೆಂದು ಕಿತ್ತಿದ್ದರೆ ಅವರ ಕೈ ಸೇದಿಹೋಗಲಿ ಎಂದು ಶಪಿಸುತ್ತಿದ್ದವರೇ. ಆ ಮುದುಕಿಗೆ ಏನಾದರೂ ಆದರೆ ಅದು ನನ್ನಿಂದಲೇ ಎಂಬುದು ಎದೆಯಲ್ಲಿ ಕೂತುಬಿಟ್ಟಿತು.

ಅಂದಿನಿಂದ ಮಾರ್ಟಿನ್ ದಿನಾ ಬೆಳಗ್ಗೆ ಗೇಟಿನ ಬಳಿ ಬಂದು ನಿಲ್ಲತೊಡಗಿದ. ಬೈಯಲು ಬಂದಿದ್ದಾನೆ, ಬೈಯಲಿ, ನ್ಯಾಯವೇ ಎಂದುಕೊಂಡರೂ ಎದುರಿಗೆ ಹೋಗಲು ಧೈರ್ಯವಿಲ್ಲದೆ ನಾಗಮಣಿಯವರು ಪರದೆಯ ಹಿಂದೆ ಅಡಗುತ್ತಿದ್ದರು. ತನ್ವಿ ಹೋಗಿ ಎರಡು ಮಾತಾಡಿ ಬರುತ್ತಿದ್ದಳು.

"ಏನಂತೆ ಪುಟ್ಟಿ? ಅಜ್ಜಿ ಮೇಲೆ ತುಂಬ ಕೋಪಾನಾ?" ಎಂದು ಕಡೆಗೊಂದು ದಿನ ಕೇಳಿದರು.

"ನೋ, ಅಜ್ಜಿ. ಹೀ ಜಸ್ಟ್ ವಾಂಟ್ಸ್ ಟು ನೋ ಇಫ್ ಯು ಆರ್ ಗ್ರ್ಯಾಂಡ್."

ಮಗುವಿಗೆ ಹಾಲು ಕುಡಿಸುತ್ತಿದ್ದ ನಿಖಿತಾ ಬಿಡಿಸಿ ಹೇಳಿದಳು. "ಆ ಬಟ್ಟೆ ಬಿಚ್ಚಿದೋರಿಗೆ ಕಾಯಿಲೆ ಅಂಟುತ್ತೆ ಅಂತ ಇಲ್ಲೋರ ನಂಬಿಕೆ ಅಮ್ಮ. ಇಲ್ಲಿ ಗ್ರ್ಯಾಂಡ್ ಅಂದ್ರೆ ಚೆನ್ನಾಗಿರೋದು. ನೀನು ಚೆನ್ನಾಗಿದೀಯಾ, ಜ್ವರ ಗಿರ ಬಂತಾ ಅಂತ ವಿಚಾರಿಸ್ಕೊಂಡು ಹೋಗ್ತಾರೆ ಅಷ್ಟೆ. ನಿನಗೆ ಹೇಳಿದ್ರೆ ಹೆದರ್ಕೋತೀಯ ಅಂತ ನಾವು ಸುಮ್ಮನಿದ್ವಿ."

ನಾಗಮಣಿಯವರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆಮೇಲೆ ತನ್ವಿಯ ಕೈ ಹಿಡಿದು ಬಾವಿಗೆ ನಡೆದರು. ಬೋಳು ಮರದಲ್ಲಿ ಎರಡೇ ಬಟ್ಟೆಗಳಿದ್ದವು. ಒಂದು, ಬ್ರೀಡಾಳ ಸ್ಕಾರ್ಫಿನಲ್ಲಿ ಉಳಿದಿದ್ದ ಭಾಗ, ಹೊಸದಾಗಿ ಕಟ್ಟಿದ್ದು. ಇನ್ನೊಂದು ಗಂಡಸರ ಬಿಳಿ ಕರವಸ್ತ್ರ. ಅದು ನಿನಗಾಗಿ ಮಾರ್ಟಿನ್ ಕಟ್ಟಿದ್ದು ಎಂದು ತನ್ವಿ ತನ್ನ ಇಂಗ್ಲಿಷಿನಲ್ಲಿ ಹೇಳಿದಳು. ಉಟ್ಟ ಸೀರೆ ಹರಿಯಬಾರದು ಎಂದು ಜೀವಮಾನವೆಲ್ಲ ಪಾಲಿಸಿದ ಹೆಂಗಸು, ಅಲ್ಲೇ ಸೆರಗಿನ ಅಂಚು ಹರಿದು, ಬಾವಿಯಲ್ಲಿ ಅದ್ದಿ, ಕಂಡರಿಯದ ಬ್ರೀಡಾಳ ಹೆಸರು ಹೇಳಿ ಕಟ್ಟಿದರು.

ಬ್ರೀಡಾ ಉಳಿಯಲಿಲ್ಲ. ಚರ್ಚಿನೊಳಗೆ ಹತ್ತು ಜನರಿಗೆ ಮಾತ್ರ ಜಾಗವಿದ್ದುದರಿಂದ ಇಡೀ ಹಳ್ಳಿ ದೂರ ದೂರ ರಸ್ತೆಬದಿಯಲ್ಲಿ ನಿಂತು ಅವಳ ಶವದ ಗಾಡಿಯನ್ನು ಕಳಿಸಿಕೊಟ್ಟಿತು. ಸಾಲಿನ ತುದಿಯಲ್ಲಿ ನಾಗಮಣಿಯವರೂ ತಲೆತಗ್ಗಿಸಿ ನಿಂತಿದ್ದರು. ಇನ್ನು ಆ ಮನುಷ್ಯ ನನ್ನ ಮುಖ ನೋಡುವುದಿಲ್ಲ ಎಂದು ಅವರಿಗೆ ಖಾತ್ರಿಯಾಗಿತ್ತು.

ಮರುದಿನ ಬೆಳಗ್ಗೆ ಮಾರ್ಟಿನ್ ಎಂದಿನಂತೆ ಗೇಟಿನ ಬಳಿ ಬಂದು ನಿಂತ. ಕರಿ ಟೈ ಇನ್ನೂ ಕತ್ತಿನಲ್ಲೇ ಇತ್ತು. ನಾಗಮಣಿಯವರು ಈ ಸಲ ಪರದೆಯ ಹಿಂದೆ ಹೋಗಲಿಲ್ಲ. ತಾವೇ ಬಾಗಿಲು ತೆಗೆದು ಹೊರಗೆ ಬಂದು ಕೈಮುಗಿದರು. ಅವನು ಅದೇ ಪ್ರಶ್ನೆ ಕೇಳಿದ.

"ಗ್ರ್ಯಾಂಡ್," ಎಂದರು ಅವರು.

ಮಾರ್ಟಿನ್ ತಲೆಯಾಡಿಸಿ, ಟೊಪ್ಪಿ ಸರಿಮಾಡಿಕೊಂಡು, ಯಾರೂ ಇಲ್ಲದ ಮನೆಗೆ ನಡೆದ.